ಮಾತ್ರೆ ನುಂಗಿಯೂ ನಿಂತ ಗರ್ಭ: ಮೈಸೂರಿನಿಂದ ಸ್ಟುಟ್‌ಗಾರ್ಟ್‌ವರೆಗಿನ ಒಂದು ಇತಿಹಾಸ

(ಸಂಘದ ಅತಿಥಿ ಉಪನ್ಯಾಸದ ಬರಹ ರೂಪ)



ಹೊರನಾಡಿನ ಕನ್ನಡ ಸಂಘಗಳ ವೇದಿಕೆಗಳಲ್ಲಿ ಹೊಯ್ಸಳರ ಶಿಲ್ಪ, ಶರಣರ ವಚನ, ವಿಜಯನಗರದ ವೈಭವ ಇವುಗಳ ಬಗ್ಗೆ ಉಪನ್ಯಾಸಗಳು ನಡೆಯುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಹೆಂಗಸರು ದನಿ ತಗ್ಗಿಸಿ ಆಡುವಂಥದು. ಗರ್ಭನಿರೋಧಕ ಮಾತ್ರೆಯನ್ನು ತೆಗೆದುಕೊಳ್ಳುತ್ತಿರುವಾಗಲೇ ಗರ್ಭ ನಿಂತರೆ ಅದು ಯಾರ ತಪ್ಪು? ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: "ಅವಳು ಮರೆತಿರಬೇಕು." ಈ ಉತ್ತರ ಎಲ್ಲಿಂದ ಬಂತು, ಅದು ಎಷ್ಟರಮಟ್ಟಿಗೆ ನಿಜ, ಅದರ ಬೆಲೆಯನ್ನು ತೆತ್ತವರಾರು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡಬೇಕೆಂಬುದೇ ನನ್ನ ಉದ್ದೇಶ. ಈ ಕಥೆಯ ಒಂದು ತುದಿ ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿದ್ದರೆ, ಇನ್ನೊಂದು ತುದಿ ತಾವು ನೆಲೆಸಿರುವ ಈ ಸ್ಟುಟ್‌ಗಾರ್ಟ್ ಪ್ರಾಂತದಲ್ಲಿದೆ ಎಂಬುದು ಸಂಶೋಧಕನಿಗೂ ಅಚ್ಚರಿ ತರುವ ಸಂಗತಿ.

ಒಂದು ಕಾಲ, ಎರಡು ಊರು

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿ. ಕನ್ನಂಬಾಡಿ ಕಟ್ಟೆ, ವಿದ್ಯುತ್ ದೀಪ, ವಿಶ್ವವಿದ್ಯಾನಿಲಯ, ಸಾಬೂನಿನ ಕಾರ್ಖಾನೆ ಇವುಗಳಿಂದ ಹೆಸರಾಗಿದ್ದ ಆ ಮೈಸೂರು ಸರ್ಕಾರ 1930ರ ಜೂನ್ ತಿಂಗಳಿನಲ್ಲಿ ಮತ್ತೊಂದು ಆದೇಶವನ್ನು ಹೊರಡಿಸಿತು. ಸಂಸ್ಥಾನದ ಪ್ರಮುಖ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧದ ಸಲಹೆ ನೀಡುವ ಚಿಕಿತ್ಸಾಲಯಗಳನ್ನು ತೆರೆಯಬೇಕೆಂಬುದೇ ಆ ಆದೇಶ. ಖಾಸಗಿಯವರು ಈ ಕೆಲಸವನ್ನು ಮೊದಲೇ ಆರಂಭಿಸಿದ್ದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್, ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲಿಯೇ ಚಿಕಿತ್ಸಾಲಯ ತೆರೆದಿದ್ದರು. ಆದರೆ ಸರ್ಕಾರವೊಂದು ತಾನೇ ಮುಂದೆ ಬಂದು ಇಂಥ ಚಿಕಿತ್ಸಾಲಯಗಳನ್ನು ನಡೆಸಿದ್ದು ಪ್ರಪಂಚದಲ್ಲಿ ಮೈಸೂರಿನಲ್ಲೇ ಮೊದಲು ಎಂದು ಈ ವಿಷಯದ ಇತಿಹಾಸಕಾರರು ಗುರುತಿಸುತ್ತಾರೆ.

ಅದೇ ಕಾಲದಲ್ಲಿ ಇಲ್ಲಿ ಏನು ನಡೆಯುತ್ತಿತ್ತು? 1931ರ ಫೆಬ್ರವರಿಯಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಇಬ್ಬರು ವೈದ್ಯರನ್ನು ಪೊಲೀಸರು ಬಂಧಿಸಿದರು. ಒಬ್ಬರು ಫ್ರೀಡ್ರಿಕ್ ವೋಲ್ಫ್, ವೈದ್ಯರೂ ನಾಟಕಕಾರರೂ ಆಗಿದ್ದವರು. ಮತ್ತೊಬ್ಬರು ಎಲ್ಸೆ ಕೀನ್ಲೆ ಎಂಬ ಮಹಿಳೆ. ಜರ್ಮನ್ ದಂಡಸಂಹಿತೆಯ 218ನೆಯ ಕಲಮಿಗೆ ವಿರುದ್ಧವಾಗಿ ಗರ್ಭಪಾತಕ್ಕೆ ನೆರವಾದರೆಂಬುದು ಅವರ ಮೇಲಿನ ಆರೋಪ. ವೋಲ್ಫ್ ಅವರು 1929ರಲ್ಲಿ ಇದೇ ಕಲಮನ್ನು ಖಂಡಿಸಿ 'ಸಯಾನ್‌ಕಾಲಿ' ಎಂಬ ನಾಟಕವನ್ನು ಬರೆದಿದ್ದರು. ಜರ್ಮನಿಯಾದ್ಯಂತ ಪ್ರತಿಭಟನೆಗಳಾದವು. ಸೆರೆಮನೆಯಲ್ಲಿ ಉಪವಾಸ ಕೈಗೊಂಡ ಕೀನ್ಲೆಯವರನ್ನು ಕೊನೆಗೆ ಬಿಡುಗಡೆ ಮಾಡಬೇಕಾಯಿತು. ಬರ್ಲಿನ್ ಮೊದಲಾದ ನಗರಗಳಲ್ಲಿ ಆಗ ನಡೆಯುತ್ತಿದ್ದ ದಂಪತಿ ಸಲಹಾ ಕೇಂದ್ರಗಳನ್ನು 1933ರ ನಂತರ ನಾಜಿಗಳು ಮುಚ್ಚಿಸಿದರು. 1941ರಲ್ಲಿ ಹಿಮ್ಲರ್ ಹೊರಡಿಸಿದ ಪೊಲೀಸ್ ಆದೇಶ ಗರ್ಭನಿರೋಧಕ ಸಾಧನಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿತು.

ಗರ್ಭಪಾತ ಬೇರೆ, ಗರ್ಭನಿರೋಧ ಬೇರೆ. ಮೈಸೂರಿನ ಚಿಕಿತ್ಸಾಲಯಗಳು ಎರಡನೆಯದಕ್ಕಾಗಿ ಮಾತ್ರ ಇದ್ದುವು. ಆದ್ದರಿಂದ ಎರಡು ಊರುಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸಲ್ಲದು. ಆದರೂ ಪಶ್ಚಿಮದಿಂದ ನಮಗೆ ಎಲ್ಲ ತಿಳಿವಳಿಕೆಯೂ ಬಂತೆಂದು ನಂಬಿರುವ ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಒಮ್ಮೆ ಹೇಳಬೇಕು.

ರಾಮನಗರದ ಮಣಿಸರ

ಸ್ವಾತಂತ್ರ್ಯಾನಂತರ ಭಾರತ ಸರ್ಕಾರ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಕೈಗೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ಜನ್ಮ ತಾಳಿತು. ಅದರ ಸ್ಥಾಪಕರಲ್ಲಿ ಪ್ರಮುಖರಾದ ಶ್ರೀಮತಿ ಧನ್ವಂತಿ ರಾಮರಾವ್ ಅವರು 1893ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಜನಿಸಿದವರು. ಕಾಶ್ಮೀರಿ ಮನೆತನದ ಮಗಳು, ಬೆನೆಗಲ್ ಮನೆತನದ ಸೊಸೆ. ಒಕ್ಕೂಟದ ಸ್ಥಾಪಕ ಸದಸ್ಯ ದೇಶಗಳಲ್ಲಿ ಭಾರತದ ಜೊತೆಗೆ ಜರ್ಮನಿಯೂ ಇತ್ತು. ಅಂದು ಜರ್ಮನಿಯ ಪರವಾಗಿ ಸೇರಿದ 'ಪ್ರೊ ಫಮೀಲಿಯಾ' ಎಂಬ ಸಂಸ್ಥೆಯ ಸಲಹಾ ಕೇಂದ್ರಗಳು ಇಂದಿಗೂ ಈ ದೇಶದ ಅನೇಕ ನಗರಗಳಲ್ಲಿವೆ.

ಆ ಕಾಲದ ಕೇಂದ್ರ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಜಿಯವರ ಅನುಯಾಯಿ. 1935ರಲ್ಲಿ ವಾರ್ಧಾಕ್ಕೆ ಬಂದ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ವಾದಿಸಿದ ಗಾಂಧೀಜಿ ಸಂಯಮವೊಂದೇ ಸರಿಯಾದ ದಾರಿ ಎಂದಿದ್ದರು. ಅದಕ್ಕನುಗುಣವಾಗಿ ಯಾವ ಸಾಧನವೂ ಇಲ್ಲದ, ತಿಂಗಳಿನ ಕೆಲವು ದಿನಗಳಲ್ಲಿ ದೂರವಿರುವ ಪದ್ಧತಿಯನ್ನೇ ಪರೀಕ್ಷಿಸಬೇಕೆಂದು ಮಂತ್ರಿಗಳು ಬಯಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಆರಿಸಿಕೊಂಡ ಸ್ಥಳಗಳಲ್ಲಿ ಒಂದು ದೆಹಲಿಯ ಲೋದಿ ಕಾಲನಿ, ಇನ್ನೊಂದು ಮೈಸೂರು ರಾಜ್ಯದ ರಾಮನಗರ. ಹಿಂದೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ, ರೇಷ್ಮೆಯಿಂದಲೂ ಮುಂದೆ 'ಶೋಲೆ' ಚಲನಚಿತ್ರದಿಂದಲೂ ಹೆಸರಾದ ಅದೇ ಊರು.

ಓದು ಬರಹ ಬಾರದ ಮಹಿಳೆಯರು ದಿನಗಳನ್ನು ಎಣಿಸುವುದು ಹೇಗೆ? ಅದಕ್ಕಾಗಿ ಬಣ್ಣಬಣ್ಣದ ಮಣಿಗಳ ಸರವೊಂದನ್ನು ಮಾಡಿಸಿ ಹಂಚಲಾಯಿತು. ದಿನಕ್ಕೊಂದು ಮಣಿಯಂತೆ ಸರಿಸುತ್ತ ಬಂದರೆ ಯಾವ ದಿನ ಗರ್ಭ ನಿಲ್ಲುವ ಸಂಭವವಿದೆ, ಯಾವ ದಿನ ಇಲ್ಲ ಎಂಬುದನ್ನು ಮಣಿಯ ಬಣ್ಣ ತಿಳಿಸಬೇಕು. ಎಣಿಕೆಯ ದೃಷ್ಟಿಯಿಂದ ಇದು ಜಾಣ ಉಪಾಯವೇ. ಆದರೆ ಫಲಿತಾಂಶ ನಿರಾಶಾದಾಯಕವಾಯಿತು. ಪದ್ಧತಿಯನ್ನು ಕಡೆಯವರೆಗೆ ಪಾಲಿಸಿದವರು ಕೆಲವರೇ. ಹಾಗೆ ಪಾಲಿಸಿದವರಲ್ಲಿಯೂ ಬಸುರಾದವರಿದ್ದರು. ಮಣಿ ಸರಿಸಿಬಿಟ್ಟರೆ ಸಾಕು, ಅದೇ ರಕ್ಷೆಯೆಂದು ತಿಳಿದವರಿದ್ದರು ಎಂಬ ಕಥೆ ಅಂದಿನಿಂದ ಇಂದಿನವರೆಗೂ ಕುಟುಂಬ ಯೋಜನೆಯ ಪುಸ್ತಕಗಳಲ್ಲಿ ನಗೆಯ ಪ್ರಸಂಗವಾಗಿ ಉಳಿದುಕೊಂಡಿದೆ.

ಇಲ್ಲಿ ಕೊಂಚ ನಿಂತು ಯೋಚಿಸಬೇಕು. ಮುಟ್ಟಿನ ಕ್ರಮ ಎಲ್ಲರಲ್ಲೂ ಗಡಿಯಾರದಂತೆ ನಡೆಯುವುದಿಲ್ಲ. ಎದೆಹಾಲುಣಿಸುವ ತಾಯಿಯಲ್ಲಿ ಅದು ಇನ್ನೂ ಅನಿಶ್ಚಿತ. ದೂರವಿರುವ ನಿರ್ಧಾರ ಹೆಂಡತಿಯೊಬ್ಬಳ ಕೈಯಲ್ಲಿರಲಿಲ್ಲ. ಆದರೂ ಕಥೆಯಲ್ಲಿ ಉಳಿದದ್ದು ಮಣಿಯನ್ನು ತಾಯತವೆಂದು ತಿಳಿದ ಹಳ್ಳಿಯ ಹೆಂಗಸೇ ಹೊರತು, ಪದ್ಧತಿಯ ದೌರ್ಬಲ್ಯವಲ್ಲ, ಕಾಯಲೊಲ್ಲದ ಗಂಡನೂ ಅಲ್ಲ. "ಅವಳು ಮರೆತಿರಬೇಕು" ಎಂಬ ನಮ್ಮ ಮನೆಮಾತಿನ ಬೇರು ಇಲ್ಲಿ ಕಾಣುತ್ತದೆ.

ಬರ್ಲಿನ್ನಿನ ಅಣು, ಪೋರ್ಟೋರಿಕೋದ ಲೆಕ್ಕ

ಮಣಿಯ ಕಾಲ ಮುಗಿದು ಮಾತ್ರೆಯ ಕಾಲ ಬಂತು. ಹಾರ್ಮೋನಿನಿಂದ ಗರ್ಭ ತಡೆಯಬಹುದೆಂದು 1921ರಿಂದಲೇ ಮೊಲಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದವರು ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದ ಶರೀರಶಾಸ್ತ್ರಜ್ಞ ಲುಡ್ವಿಗ್ ಹೇಬರ್ಲಾಂಡ್. 1938ರಲ್ಲಿ ಬರ್ಲಿನ್ನಿನ ಶೇರಿಂಗ್ ಸಂಸ್ಥೆಯಲ್ಲಿ ಹಾನ್ಸ್ ಇನ್‌ಹೋಫನ್ ಮತ್ತು ವಾಲ್ಟರ್ ಹೋಲ್ವೆಗ್ ಅವರು ಎಥಿನೈಲ್ ಎಸ್ಟ್ರಾಡಯಾಲ್ ಎಂಬ ವಸ್ತುವನ್ನು ತಯಾರಿಸಿದರು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಕಾರ್ಲ್ ಜೆರಾಸಿಯವರ ತಂಡ 1951ರಲ್ಲಿ ಮೆಕ್ಸಿಕೋ ನಗರದಲ್ಲಿ, ಅಲ್ಲಿನ ಕಾಡುಗೆಣಸಿನಿಂದ ದೊರೆತ ಮೂಲವಸ್ತುವನ್ನು ಬಳಸಿ ನಾರ್‌ಎಥಿಸ್ಟೆರೋನ್ ತಯಾರಿಸಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ 'ಮಾಲಾ-ಎನ್' ಮಾತ್ರೆಯಲ್ಲಿ ಇಂದಿಗೂ ಇರುವುದು 1938ರ ಆ ಬರ್ಲಿನ್ನಿನ ಅಣುವೇ; ಮಾತ್ರೆಯೊಂದಕ್ಕೆ 0.03 ಮಿಲಿಗ್ರಾಂ. ಅದರ ಜೊತೆಗೆ 0.15 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್.

ಮಾತ್ರೆಯ ದೊಡ್ಡ ಪ್ರಮಾಣದ ಪರೀಕ್ಷೆ 1956ರಲ್ಲಿ ಪೋರ್ಟೋರಿಕೋ ದ್ವೀಪದಲ್ಲಿ ನಡೆಯಿತು. ಅಮೆರಿಕದ ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಅದರ ನೇತಾರರು. ಅಲ್ಲಿನ ಬಡ ಮಹಿಳೆಯರಲ್ಲಿಯೂ ಕೆಲವರು ಬಸುರಾದರು. ಆಗ ಸಂಶೋಧಕರು ಲೆಕ್ಕವನ್ನು ಎರಡು ಭಾಗ ಮಾಡಿದರು: ಒಂದು ಪದ್ಧತಿಯ ವೈಫಲ್ಯ, ಇನ್ನೊಂದು ಬಳಸುವವರ ವೈಫಲ್ಯ. ಮಾತ್ರೆ ತಪ್ಪಿಸಿದ ಮಹಿಳೆಯ ಬಸಿರನ್ನು ಎರಡನೆಯ ಖಾತೆಗೆ ಬರೆದಾಗ ಮೊದಲನೆಯ ಖಾತೆ ಹೆಚ್ಚುಕಡಿಮೆ ಬರಿದಾಯಿತು. ಔಷಧದ ಗುಣವನ್ನು ಅರಿಯಲು ಇಂಥ ವಿಂಗಡಣೆ ಬೇಕು, ನಿಜ. ಆದರೆ ಆ ಮಾತ್ರೆಯಲ್ಲಿ ಹಾರ್ಮೋನಿನ ಪ್ರಮಾಣ ಇಂದಿಗಿಂತ ಎಷ್ಟೋ ಪಟ್ಟು ಹೆಚ್ಚು. ವಾಕರಿಕೆ, ತಲೆಸುತ್ತು, ವಾಂತಿ ಸಾಮಾನ್ಯವಾಗಿದ್ದುವು. ತಾಳಲಾರದೆ ಒಂದು ದಿನ ಬಿಟ್ಟವಳದೂ 'ಬಳಸುವವರ ವೈಫಲ್ಯ'ವೇ ಆಯಿತು.

ಗರ್ಭನಿರೋಧದ ಯಶಸ್ಸನ್ನು ಅಳೆಯಲು ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಪರ್ಲ್ 1933ರಲ್ಲಿಯೇ ಒಂದು ಮಾನವನ್ನು ರೂಪಿಸಿದ್ದರು. ನೂರು ಮಹಿಳೆಯರು ಒಂದು ವರ್ಷ ಕಾಲ ಒಂದು ಪದ್ಧತಿಯನ್ನು ಬಳಸಿದರೆ ಎಷ್ಟು ಮಂದಿ ಬಸುರಾಗುತ್ತಾರೆ ಎಂಬುದೇ ಆ ಮಾನ. ಇಲ್ಲಿನ ಔಷಧ ಪೆಟ್ಟಿಗೆಯಲ್ಲಿರುವ ತಿಳಿವಳಿಕೆ ಪತ್ರದಲ್ಲಿ 'ಪರ್ಲ್ ಇಂಡೆಕ್ಸ್' ಎಂದು ಅಚ್ಚಾಗಿರುವುದು ಇದೇ. ಇಂದು ಸಾಮಾನ್ಯವಾಗಿ ಉಲ್ಲೇಖಿಸುವ ಅಂಕಿಗಳ ಪ್ರಕಾರ ಮಾತ್ರೆಯನ್ನು ಒಂದು ದಿನವೂ ತಪ್ಪದೆ, ಹೊತ್ತು ಮೀರದೆ ತೆಗೆದುಕೊಂಡರೆ ಮೊದಲ ವರ್ಷದಲ್ಲಿ ಸಾವಿರದಲ್ಲಿ ಮೂವರು ಬಸುರಾಗುತ್ತಾರೆ. ಸಾಮಾನ್ಯ ಜನಜೀವನದ ಬಳಕೆಯಲ್ಲಿ, ಅಮೆರಿಕದ ಅಂದಾಜಿನಂತೆ, ನೂರರಲ್ಲಿ ಏಳು ಮಂದಿ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಸೋಮಾರಿತನಕ್ಕಿಂತ ಹೆಚ್ಚಾಗಿ ಜ್ವರ, ಪ್ರಯಾಣ, ರಾತ್ರಿ ಪಾಳಿ, ಮಗುವಿನ ಆರೈಕೆ, ವೈದ್ಯರು ಹೇಳದೆ ಬಿಟ್ಟ ಮಾತು ಇವೆಲ್ಲ ಅಡಗಿವೆ.

ಎಂಜಿನಿಯರುಗಳೇ ಹೆಚ್ಚಾಗಿರುವ ಈ ಸಭೆಗೆ ಮೆಚ್ಚಿಗೆಯಾಗುವ ಪ್ರಸಂಗವೊಂದಿದೆ. ಅಮೆರಿಕದ ಇಲಿನಾಯ್ ರಾಜ್ಯದ ಡೇವಿಡ್ ವಾಗ್ನರ್ ಎಂಬ ಎಂಜಿನಿಯರ್ ತನ್ನ ಹೆಂಡತಿ ಇಂದಿನ ಮಾತ್ರೆ ತೆಗೆದುಕೊಂಡಳೋ ಇಲ್ಲವೋ ಎಂಬ ಗೊಂದಲಕ್ಕೆ ಪರಿಹಾರವಾಗಿ ವಾರದ ದಿನಗಳನ್ನು ತೋರಿಸುವ ದುಂಡನೆಯ ತಿರುಗುಪೆಟ್ಟಿಗೆಯೊಂದನ್ನು ರಚಿಸಿ 1962ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಇಂದು ಮಾತ್ರೆಯ ಪಟ್ಟಿಯ ಮೇಲೆ ವಾರದ ಹೆಸರುಗಳು ಅಚ್ಚಾಗಿರುವುದಕ್ಕೆ ಅದು ಪೂರ್ವಜ. ರಾಮನಗರದ ಮಣಿಸರಕ್ಕೂ ಈ ಪೆಟ್ಟಿಗೆಗೂ ತತ್ತ್ವ ಒಂದೇ: ದಿನವನ್ನು ಕಣ್ಣಿಗೆ ಕಾಣುವಂತೆ ಮಾಡುವುದು. ಓದಿದ ಎಂಜಿನಿಯರನ ಮನೆಯಲ್ಲಿಯೂ ಮರೆವು ಸಹಜ ಎಂದು ಒಪ್ಪಿಕೊಂಡ ಜಗತ್ತು, ಅದೇ ಮರೆವನ್ನು ರಾಮನಗರದಲ್ಲಿ ಅಜ್ಞಾನ ಎಂದು ಕರೆಯಿತು.

ಪಶ್ಚಿಮ ಜರ್ಮನಿಯಲ್ಲಿ ಮೊದಲ ಮಾತ್ರೆ 'ಆನೊವ್ಲಾರ್' ಮಾರುಕಟ್ಟೆಗೆ ಬಂದದ್ದು 1961ರ ಜೂನ್ 1ರಂದು. ಮುಟ್ಟಿನ ತೊಂದರೆಗೆ ಮದ್ದು ಎಂಬ ಹೆಸರಿನಲ್ಲಿ, ವಿವಾಹಿತೆಯರಿಗೆ ಮಾತ್ರ ಅದನ್ನು ಬರೆದುಕೊಡುತ್ತಿದ್ದರು. ಪೂರ್ವ ಜರ್ಮನಿಯಲ್ಲಿ 1965ರಲ್ಲಿ 'ಓವೊಸಿಸ್ಟನ್' ಬಂತು.

1971: ಒಂದು ವರ್ಷದ ಮೂರು ಸಂಗತಿಗಳು

ಈ ಇತಿಹಾಸದಲ್ಲಿ 1971ನೆಯ ಇಸವಿ ಒಂದು ತಿರುವು. ಮೊದಲನೆಯದು ವೈದ್ಯಕೀಯ ಸಂಗತಿ. ಕ್ಷಯರೋಗಕ್ಕೆ ರಿಫಾಂಪಿಸಿನ್ ಎಂಬ ಹೊಸ ಔಷಧ ಬಳಕೆಗೆ ಬಂದ ಹೊಸತು. ರೈಮರ್ಸ್ ಮತ್ತು ಯೆಜೆಕ್ ಎಂಬ ವೈದ್ಯರು ಜರ್ಮನ್ ಪತ್ರಿಕೆಯೊಂದರಲ್ಲಿ ವಿಚಿತ್ರವಾದ ಅನುಭವವೊಂದನ್ನು ಪ್ರಕಟಿಸಿದರು. ಗರ್ಭನಿರೋಧಕ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದ ಕ್ಷಯರೋಗಿಗಳಿಗೆ ರಿಫಾಂಪಿಸಿನ್ ಕೊಟ್ಟಾಗ ಮುಟ್ಟಿನ ಕ್ರಮ ಏರುಪೇರಾಗುತ್ತಿತ್ತು. 1973ರಲ್ಲಿ ಜರ್ಮನ್ ವೈದ್ಯರು ಪ್ರಕಟಿಸಿದ ಮತ್ತೊಂದು ವರದಿಯಲ್ಲಿ ಇಂಥ 88 ಮಹಿಳೆಯರ ಪೈಕಿ ಹೆಚ್ಚಿನವರಲ್ಲಿ ಏರುಪೇರು ಕಂಡಿತ್ತು, ಐವರು ಗರ್ಭವತಿಯರಾಗಿದ್ದರು. ಕಾರಣ ಮರೆವಲ್ಲ. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತದೆ. ಹೆಚ್ಚಿದ ಕಿಣ್ವಗಳು ಮಾತ್ರೆಯ ಹಾರ್ಮೋನನ್ನು ಅದು ಕೆಲಸ ಮಾಡುವ ಮೊದಲೇ ಒಡೆದು ಹೊರಹಾಕುತ್ತವೆ. ದಿನವೂ ದೀಪಕ್ಕೆ ಎಣ್ಣೆ ಹಾಕುತ್ತಿದ್ದರೂ ಹಣತೆಯ ತಳದಲ್ಲಿ ತೂತು ಬಿದ್ದಂತೆ. 1972ರಲ್ಲಿ ಬ್ರಿಟನ್ನಿನಿಂದ ಮೂರ್ಛೆರೋಗದ ಔಷಧ ಸೇವಿಸುತ್ತಿದ್ದ ಮಹಿಳೆಯೊಬ್ಬಳ ಬಗ್ಗೆ ಇಂಥದೇ ವರದಿ ಬಂತು. ತಪ್ಪದೆ ನುಂಗಿದ್ದೇನೆ ಎಂದು ಹೇಳಿದ ಹೆಂಗಸಿನ ಮಾತು ಸತ್ಯವಾಗಿರಬಲ್ಲದು ಎಂಬುದಕ್ಕೆ ಶಾಸ್ತ್ರದ ಸಾಕ್ಷ್ಯ ದೊರೆತದ್ದು ಹೀಗೆ. ಔಷಧಗಳು ದೇಹದಲ್ಲಿ ಹೇಗೆ ಒಡೆಯುತ್ತವೆ ಎಂಬುದನ್ನೇ ಮುಖ್ಯವಾಗಿ ಅಧ್ಯಯನ ಮಾಡುವ ಸಂಸ್ಥೆಯೊಂದು 1973ರಲ್ಲಿ ಇಲ್ಲಿಯೇ, ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಆಸ್ಪತ್ರೆಯ ಆಶ್ರಯದಲ್ಲಿ, ಸ್ಥಾಪಿತವಾಯಿತು ಎಂಬುದನ್ನೂ ನೆನೆಯಬಹುದು.

ಎರಡನೆಯದು ಜರ್ಮನಿಯ ಸಾಮಾಜಿಕ ಸಂಗತಿ. 1971ರ ಜೂನ್ 6ರ 'ಷ್ಟೆರ್ನ್' ಪತ್ರಿಕೆಯಲ್ಲಿ 374 ಮಹಿಳೆಯರು ತಾವು ಗರ್ಭಪಾತ ಮಾಡಿಸಿಕೊಂಡಿರುವುದಾಗಿ ಹೆಸರು ಕೊಟ್ಟು ಘೋಷಿಸಿದರು. ನಲವತ್ತು ವರ್ಷಗಳ ಹಿಂದೆ ಕೀನ್ಲೆಯವರನ್ನು ಸೆರೆಗೆ ನೂಕಿದ ಅದೇ 218ನೆಯ ಕಲಮು ಮತ್ತೆ ಚರ್ಚೆಗೆ ಬಂತು.

ಮೂರನೆಯದು ನಮ್ಮ ದೇಶದ್ದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಮನಾರ್ಹವಾದುದು. 1971ರ ಆಗಸ್ಟಿನಲ್ಲಿ ಭಾರತವು ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆಯನ್ನು ಅಂಗೀಕರಿಸಿತು. ಶಾಂತಿಲಾಲ್ ಷಾ ಸಮಿತಿಯ ವರದಿಯೇ ಅದಕ್ಕೆ ತಳಹದಿ. ಅದರಲ್ಲಿ ಒಂದು ವಿವರಣೆಯಿದೆ: ವಿವಾಹಿತ ಮಹಿಳೆಯಾಗಲಿ ಅವಳ ಪತಿಯಾಗಲಿ ಮಕ್ಕಳ ಸಂಖ್ಯೆಯನ್ನು ಮಿತಿಗೊಳಿಸಲು ಬಳಸಿದ ಸಾಧನ ಅಥವಾ ವಿಧಾನ ವಿಫಲವಾಗಿ ಗರ್ಭ ನಿಂತರೆ, ಅದರಿಂದ ಆಗುವ ವೇದನೆಯನ್ನು ಆಕೆಯ ಮಾನಸಿಕ ಆರೋಗ್ಯಕ್ಕೆ ಆಗುವ ಗಂಭೀರ ಹಾನಿಯೆಂದು ಭಾವಿಸಬಹುದು. ಈ ವಾಕ್ಯದ ವ್ಯಾಕರಣವನ್ನು ಗಮನಿಸಿರಿ. ವಿಫಲವಾದದ್ದು ಯಾವುದು? ಸಾಧನ, ವಿಧಾನ. ಹೆಂಗಸಲ್ಲ. ಪತಿಯ ಹೆಸರೂ ಅಲ್ಲಿದೆ. ಅವಳು ಎಷ್ಟು ಮಾತ್ರೆ ಮರೆತಳು ಎಂದು ಲೆಕ್ಕ ಕೇಳುವ ಮಾತು ಅಲ್ಲಿಲ್ಲ. ಪೋರ್ಟೋರಿಕೋದ ಲೆಕ್ಕಪುಸ್ತಕ ಎರಡು ಖಾತೆ ತೆರೆದಿದ್ದರೆ, ನಮ್ಮ ಕಾಯಿದೆ ಅವೆರಡನ್ನೂ ಒಂದುಗೂಡಿಸಿತು.

ಅಂದಿನ ಸರ್ಕಾರಕ್ಕೆ ಮಹಿಳೆಯ ಹಕ್ಕಿಗಿಂತ ಜನಸಂಖ್ಯೆಯ ಚಿಂತೆ ಹೆಚ್ಚಾಗಿತ್ತೆಂಬುದು ದಿಟ. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಶಸ್ತ್ರಚಿಕಿತ್ಸೆಗಳು ಅದೇ ಚಿಂತೆಯ ಕರಾಳ ಮುಖ. ಅವಿವಾಹಿತೆಯರನ್ನು ಆ ವಿವರಣೆ ಹೊರಗಿಟ್ಟಿತ್ತು. 2021ರ ತಿದ್ದುಪಡಿ 'ವಿವಾಹಿತ ಮಹಿಳೆ ಅಥವಾ ಅವಳ ಪತಿ' ಎಂಬಲ್ಲಿ 'ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ' ಎಂದು ಬದಲಾಯಿಸಿ ಆ ಕೊರತೆಯನ್ನು ನೀಗಿತು.

ತಾಯಿ ಹೇಳಿಕೊಡಲಾರದ ಪಾಠ

ಇನ್ನು ನಮ್ಮ ಮನೆಗಳಿಗೆ ಬರೋಣ. ಕರ್ನಾಟಕದಲ್ಲಿ ಕುಟುಂಬ ಯೋಜನೆ ಎಂದರೆ ಬಹುಮಟ್ಟಿಗೆ 'ಆಪರೇಷನ್' ಎಂದೇ ಅರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಾತ್ರೆ ಬಳಸುವವರು ಅತ್ಯಲ್ಪ. ಎಂದರೆ, ಇಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿರುವ ಕನ್ನಡದ ಹೆಣ್ಣುಮಗಳು ತನ್ನ ಮನೆತನದಲ್ಲಿ ಬಹುಶಃ ಮೊದಲಿಗಳು. ಬಾಣಂತನದ ಲೇಹ್ಯವನ್ನು, ಮಗುವಿನ ಎಣ್ಣೆನೀರನ್ನು ದೂರವಾಣಿಯಲ್ಲಿ ಅಮ್ಮನಿಂದ ಕೇಳಿ ತಿಳಿಯಬಹುದು. ಈ ವಿಷಯದಲ್ಲಿ ಅಮ್ಮನಿಗೂ ಅನುಭವವಿಲ್ಲ. ತಿಳಿವಳಿಕೆ ಪತ್ರವಿರುವುದು ಜರ್ಮನ್ ಭಾಷೆಯಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ. ಆದಕಾರಣ ಮಾತ್ರೆ ಸೋಲುವ ಬಗೆಗಳನ್ನು ಇಲ್ಲಿ ಕನ್ನಡದಲ್ಲಿ ಹೇಳುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲನೆಯದು ಪಟ್ಟಿಯ ವ್ಯತ್ಯಾಸ. ಊರಿನ ಮಾಲಾ-ಡಿ, ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆಗಳಿರುತ್ತವೆ. 21 ಹಾರ್ಮೋನಿನವು, ಉಳಿದ 7 ಬರಿಯ ಕಬ್ಬಿಣಾಂಶದವು. ಇಲ್ಲಿನ ಅನೇಕ ಪಟ್ಟಿಗಳಲ್ಲಿ 21 ಮಾತ್ರ. ಆಮೇಲೆ 7 ದಿನ ಬಿಡುವು. ಕಬ್ಬಿಣದ ಏಳನ್ನು ಮುಗಿಸಿ ಮತ್ತೆ ಏಳು ದಿನ ಬಿಡುವು ಕೊಟ್ಟು ಹೊಸ ಪಟ್ಟಿಯನ್ನು ಆರಂಭಿಸಿದರೆ ಹದಿನಾಲ್ಕು ದಿನ ರಕ್ಷಣೆಯಿಲ್ಲದಂತಾಗುತ್ತದೆ. ಪಟ್ಟಿಯ ನಡುವೆ ಒಂದು ಮಾತ್ರೆ ಬಿಡುವುದಕ್ಕಿಂತ ಹೊಸ ಪಟ್ಟಿಯನ್ನು ತಡವಾಗಿ ಆರಂಭಿಸುವುದು ಹೆಚ್ಚು ಅಪಾಯಕರ. ತಪ್ಪಿದ ಮೇಲೆ ಮತ್ತೆ ಪೂರ್ಣ ರಕ್ಷಣೆ ದೊರೆಯಲು ಎಡೆಬಿಡದೆ ಏಳು ದಿನದ ಹಾರ್ಮೋನ್ ಮಾತ್ರೆ ಬೇಕು. ಅಲ್ಲಿಯವರೆಗೆ ಬೇರೆ ಉಪಾಯವೂ ಇರಬೇಕು.

ಎರಡನೆಯದು ಹೊಟ್ಟೆ. ಮಾತ್ರೆ ನುಂಗಿದ ಮೂರು ನಾಲ್ಕು ಗಂಟೆಯೊಳಗೆ ವಾಂತಿಯಾದರೆ ಅದು ನುಂಗದಂತೆಯೇ ಸರಿ. ತೀವ್ರ ಭೇದಿಯಲ್ಲಿಯೂ ಹಾಗೆಯೇ. ರಜೆಗೆ ಊರಿಗೆ ಹೋದಾಗ ನೀರು ಬದಲಾಗಿ ಹೊಟ್ಟೆ ಕೆಡುವುದು ನಮ್ಮೆಲ್ಲರಿಗೂ ಪರಿಚಿತವೇ. ಭಾರತಕ್ಕೂ ಜರ್ಮನಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಎರಡು ಹಾರ್ಮೋನುಗಳ ಸಾಮಾನ್ಯ ಮಾತ್ರೆಗೆ ಇದು ತೊಡಕಲ್ಲ. ಮೂರು ಗಂಟೆ ಮಾತ್ರ ವಿಳಂಬ ಸಹಿಸುವ ಹಳೆಯ ಬಗೆಯ ಏಕಹಾರ್ಮೋನ್ ಮಾತ್ರೆಗೆ ತೊಡಕು.

ಮೂರನೆಯದು ಇತರ ಔಷಧಗಳು. ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಾಜೆಪಿನ್, ಫಿನೋಬಾರ್ಬಿಟಾಲ್ ಇವುಗಳನ್ನು ಆಗಲೇ ಹೇಳಿದಂತೆ ಗಮನಿಸಬೇಕು. ಜರ್ಮನಿಯಲ್ಲಿ ವಿಶೇಷವಾಗಿ ಹೇಳಬೇಕಾದುದು ಯೊಹಾನಿಸ್‌ಕ್ರೌಟ್ ಎಂಬ ಗಿಡಮೂಲಿಕೆ. ಮನಸ್ಸಿನ ಬೇಸರಕ್ಕೆ, ನಿದ್ರೆ ಬಾರದಿರುವುದಕ್ಕೆ ಇದನ್ನು ಇಲ್ಲಿ ಗುಳಿಗೆಯಾಗಿ, ಚಹಾವಾಗಿ ಮಾರುತ್ತಾರೆ. ಇಲ್ಲಿನ ನವೆಂಬರಿನ ಕತ್ತಲೆ ಹೊಸದಾಗಿ ಬಂದ ಸೊಸೆಯನ್ನು ಕಂಗೆಡಿಸಿದಾಗ ನೆರೆಯವರು ಪ್ರೀತಿಯಿಂದ ಸೂಚಿಸುವ ಮದ್ದು ಇದು. ಗಿಡಮೂಲಿಕೆ ನಿರಪಾಯವೆಂದು ನಂಬುವುದು ಆಯುರ್ವೇದದ ನಾಡಿನಿಂದ ಬಂದ ನಮಗೆ ಸಹಜ. ಆದರೆ ಇದೂ ರಿಫಾಂಪಿಸಿನ್ ಹಿಡಿದ ದಾರಿಯಲ್ಲೇ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತದೆ; 2000ದ ಸುಮಾರಿನಿಂದ ಯುರೋಪಿನ ಔಷಧ ನಿಯಂತ್ರಕರು ಈ ಬಗ್ಗೆ ಎಚ್ಚರಿಕೆ ನೀಡುತ್ತ ಬಂದಿದ್ದಾರೆ. ಸಕ್ಕರೆ ಕಾಯಿಲೆಗೆ, ತೂಕ ಇಳಿಸುವುದಕ್ಕೆ ಇತ್ತೀಚೆಗೆ ಬಂದಿರುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಆರಂಭಿಸುವಾಗಲೂ ಪ್ರಮಾಣ ಹೆಚ್ಚಿಸುವಾಗಲೂ ನಾಲ್ಕು ವಾರ ಬೇರೆ ಉಪಾಯ ಬೇಕು. ಗಂಟಲು ನೋವು ಮೊದಲಾದುವಕ್ಕೆ ಕೊಡುವ ಸಾಮಾನ್ಯ ಆಂಟಿಬಯಾಟಿಕ್‌ಗಳಿಂದ ಮಾತ್ರೆ ಸೋಲುತ್ತದೆ ಎಂಬ ಹಳೆಯ ನಂಬಿಕೆಗೆ ಮಾತ್ರ ಈಗ ಆಧಾರವಿಲ್ಲ.

ನಾಲ್ಕನೆಯದು ನಮ್ಮಲ್ಲೇ ಹೆಚ್ಚು. ಗೃಹಪ್ರವೇಶ, ಮದುವೆ, ತೀರ್ಥಯಾತ್ರೆ ಬಂದಾಗ ಮುಟ್ಟನ್ನು ಮುಂದೂಡಲು ನಾರ್‌ಎಥಿಸ್ಟೆರೋನ್ ಮಾತ್ರೆ ತೆಗೆದುಕೊಳ್ಳುವ ರೂಢಿಯಿದೆ. ಇದೂ ಹಾರ್ಮೋನೇ ಆದ್ದರಿಂದ ಇದೂ ಗರ್ಭ ತಡೆಯುತ್ತದೆಂದು ಅನೇಕರು ಭಾವಿಸುತ್ತಾರೆ. ಹಾಗೆ ಕೆಲವು ದಿನ ತೆಗೆದುಕೊಳ್ಳುವ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬಲಾಗದು.

ಗರ್ಭ ನಿಂತಾಗ

ಇಷ್ಟೆಲ್ಲ ಎಚ್ಚರ ವಹಿಸಿಯೂ ಗರ್ಭ ನಿಲ್ಲಬಹುದು. ಸಾವಿರದಲ್ಲಿ ಮೂವರು ಎಂಬ ಅಂಕಿಯಲ್ಲಿರುವ ಆ ಮೂವರೂ ಮನುಷ್ಯರೇ. ಮುಟ್ಟು ಬಾರದಿದ್ದರೆ, ಅಥವಾ ಎಂದಿನಂತಿಲ್ಲದೆ ಅಲ್ಪವಾಗಿ ಬಂದರೆ, ಮಾತ್ರೆಯಲ್ಲಿದ್ದೇನೆ ಎಂಬ ಧೈರ್ಯದಿಂದ ತಿಂಗಳುಗಟ್ಟಲೆ ಕಾಯದೆ ಪರೀಕ್ಷೆ ಮಾಡಿಕೊಳ್ಳಬೇಕು. ಗರ್ಭ ಖಚಿತವಾದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೊಟ್ಟೆಯ ಕೆಳಭಾಗದಲ್ಲಿ ಒಂದೇ ಪಕ್ಕ ನೋವು, ತಲೆಸುತ್ತು, ರಕ್ತಸ್ರಾವ ಇದ್ದರೆ ಗರ್ಭ ನಾಳದಲ್ಲಿ ನಿಂತಿರುವ ಸಂಭವವಿರುವುದರಿಂದ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಧಾವಿಸಬೇಕು. ಕ್ಷಯ, ಮೂರ್ಛೆ ಮೊದಲಾದವುಗಳ ಔಷಧವನ್ನು ತಾವಾಗಿ ನಿಲ್ಲಿಸಬಾರದು. ತಡಮಾಡದೆ ವೈದ್ಯರಿಗೆ ತಿಳಿಸಿ ಅವರ ಮಾತಿನಂತೆ ನಡೆಯಬೇಕು.

ಅರಿಯದೆ ಮಾತ್ರೆ ನುಂಗಿದ್ದರಿಂದ ಮಗುವಿಗೆ ಅಂಗವೈಕಲ್ಯವಾದೀತೆಂಬ ಭಯ ತಾಯಂದಿರನ್ನು ಹಗಲಿರುಳು ಕಾಡುತ್ತದೆ. ಡೆನ್ಮಾರ್ಕಿನ ಸುಮಾರು 8,80,000 ಜನನಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗರ್ಭಧಾರಣೆಗೆ ಸ್ವಲ್ಪ ಮುಂಚೆ ಅಥವಾ ಗರ್ಭದ ಆರಂಭದಲ್ಲಿ ಮಾತ್ರೆ ತೆಗೆದುಕೊಂಡಿದ್ದವರ ಮಕ್ಕಳಲ್ಲಿ ದೊಡ್ಡ ಅಂಗದೋಷಗಳು ಹೆಚ್ಚಲಿಲ್ಲವೆಂದು ಕಂಡುಕೊಂಡಿತು. ಮಗುವನ್ನು ಬಯಸುವ ದಂಪತಿಗಳು ಆ ಭಯವನ್ನು ಬಿಡಬಹುದು.

ಮುಂದುವರಿಸಲಾರೆವು ಎನ್ನುವವರಿಗೆ ಇಲ್ಲಿನ ಕಾನೂನಿನ ದಾರಿ ಊರಿನದಕ್ಕಿಂತ ಭಿನ್ನ. ಗರ್ಭನಿರೋಧಕ ಸೋತಿತು ಎಂಬ ಕಾರಣವನ್ನು ಜರ್ಮನ್ ಕಾನೂನು ಪ್ರತ್ಯೇಕವಾಗಿ ಹೇಳುವುದಿಲ್ಲ. 218ನೆಯ ಕಲಮು ಇಂದಿಗೂ ಇದೆ. ಆದರೆ 1995ರ ಕಾನೂನಿನಂತೆ, ಮಾನ್ಯತೆ ಪಡೆದ ಕೇಂದ್ರದಲ್ಲಿ ಸಲಹೆ ಪಡೆದು, ಪ್ರಮಾಣಪತ್ರ ಹೊಂದಿ, ಮೂರು ದಿನ ಕಳೆದ ಮೇಲೆ, ಗರ್ಭಧಾರಣೆಯಿಂದ 12 ವಾರಗಳೊಳಗೆ ವೈದ್ಯರಿಂದ ಗರ್ಭಸಮಾಪ್ತಿ ಮಾಡಿಸಿಕೊಂಡವರಿಗೆ ಶಿಕ್ಷೆಯಿಲ್ಲ. ಸಲಹೆ ಉಚಿತ, ಇಚ್ಛಿಸಿದರೆ ಹೆಸರು ಹೇಳದೆಯೂ ಪಡೆಯಬಹುದು. ಮಗುವನ್ನು ಉಳಿಸಿಕೊಳ್ಳುವವರಿಗೂ ಅದೇ ಕೇಂದ್ರಗಳು ನೆರವು ನೀಡುತ್ತವೆ. ಯಾವ ದಾರಿ ಹಿಡಿಯಬೇಕೆಂಬುದನ್ನು ಹೇಳುವುದು ಇತಿಹಾಸದ ವಿದ್ಯಾರ್ಥಿಯ ಕೆಲಸವಲ್ಲ. ಅದು ಆ ಹೆಣ್ಣುಮಗಳ ನಿರ್ಧಾರ.

ಬಂಧುಗಳೇ, ನಾನು ಹೇಳಬೇಕೆಂದಿದ್ದ ಮಾತನ್ನು ಒಟ್ಟುಗೂಡಿಸಿ ಮುಗಿಸುತ್ತೇನೆ. ಕಳೆದ ಶತಮಾನದಲ್ಲಿ ಗರ್ಭನಿರೋಧದ ಪ್ರತಿಯೊಂದು ವಿಧಾನವೂ ದೊಡ್ಡ ಭರವಸೆಯೊಂದಿಗೆ ಬಂದು, ಸೋತಾಗ ಆ ಸೋಲನ್ನು ಬಳಸಿದವಳ ಲೆಕ್ಕಕ್ಕೆ ಬರೆಯಿತು. ಮಣಿಸರ ಕೊಟ್ಟವರೂ ಹಾಗೆ ಮಾಡಿದರು, ಮಾತ್ರೆ ಕೊಟ್ಟವರೂ ಹಾಗೆ ಮಾಡಿದರು. ಆ ಲೆಕ್ಕ ತಪ್ಪೆಂದು ಒಂದು ಕಡೆ ಜರ್ಮನಿಯ ಕ್ಷಯರೋಗ ವೈದ್ಯರು ತೋರಿಸಿದರು. ಇನ್ನೊಂದು ಕಡೆ, ಬೇರೆ ಉದ್ದೇಶದಿಂದಲೇ ಆಗಲಿ, ನಮ್ಮ ಸಂಸತ್ತು 'ವಿಧಾನ ವಿಫಲವಾಯಿತು' ಎಂದು ಬರೆಯಿತು. 1971ರಲ್ಲಿ ಕಾಯಿದೆಯ ಪುಸ್ತಕಕ್ಕೆ ಬಂದ ಆ ಮಾತು ನಮ್ಮ ನಡುಮನೆಗೆ ಇನ್ನೂ ಬರಬೇಕಾಗಿದೆ. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ಅತ್ತೆಯೂ ತಾಯಿಯೂ ಹತ್ತಿರವಿಲ್ಲದ ಊರಿನಲ್ಲಿ, ಒಬ್ಬ ಹೆಣ್ಣುಮಗಳು "ನಾನು ತಪ್ಪದೆ ನುಂಗಿದ್ದೆ" ಎಂದು ಹೇಳಿದರೆ ಅವಳನ್ನು ಮೊದಲು ನಂಬಬೇಕಾದವರು ಅವಳ ಮನೆಯವರು. ಆಮೇಲೆ ಕೇಳಬೇಕಾದ ಪ್ರಶ್ನೆ, ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದೆ, ಹೊಟ್ಟೆ ಕೆಟ್ಟಿತ್ತೇ, ನಾಳೆ ವೈದ್ಯರ ಬಳಿಗೆ ನಾನೂ ಬರಲೇ ಎಂಬುದು.